ಒಂಬೈನೂರು ಗ್ರಾಮು

ಆ ಬೀದಿಯಲ್ಲಿ ಅವನಿಗೆ ಮಿಲಿಮೀಟರ್ ಎಂದು ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಕಾರಿನ ಬಿಡಿಭಾಗ ಮಾರುವ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತೊಂಬತ್ತು ವರ್ಷ ನಿಂತವನು ಅವನು. ಗಿರಾಕಿ ಬೋಲ್ಟೊಂದನ್ನು ಕೈಯಲ್ಲಿ ಹಿಡಿದು ಬಾಗಿಲು ದಾಟುವಷ್ಟರಲ್ಲಿ, "ಹನ್ನೆರಡರದು, ಉದ್ದ ಎಪ್ಪತ್ತೈದು, ಥ್ರೆಡ್ ಹೋಗಿದೆ" ಎಂದು ಹೇಳಿ ಹಿಂದಿನ ಖಾನೆಗೆ ಕೈಹಾಕುತ್ತಿದ್ದ. ಅಳೆದು ನೋಡಿದರೆ ಕೂದಲೆಳೆಯಷ್ಟೂ ತಪ್ಪಿರುತ್ತಿರಲಿಲ್ಲ. ಇಂಥವನಿಗೆ ಸ್ವಲ್ಪ ಜಂಬ ಇದ್ದರೆ ಯಾರೂ ತಪ್ಪು ತಿಳಿಯಬಾರದು. ಸ್ವಲ್ಪವಲ್ಲ, ಬೇಕಾದಷ್ಟಿತ್ತು, ಅದು ಬೇರೆ ಮಾತು.

ಜಂಬಕ್ಕಿಂತ ಹೆಚ್ಚಾಗಿದ್ದದ್ದು ಅಭಿಪ್ರಾಯಗಳು. ಅವನ ಅಭಿಪ್ರಾಯ ಕೇಳಿಸಿಕೊಳ್ಳದೆ ಆ ಅಂಗಡಿಯಿಂದ ಒಂದು ವೈಪರ್ ರಬ್ಬರೂ ಹೊರಗೆ ಹೋಗುತ್ತಿರಲಿಲ್ಲ. ಈಗಿನ ಕಾರುಗಳೆಲ್ಲ ಹುಟ್ಟುವಾಗಲೇ ಮುಖ ಗಂಟಿಕ್ಕಿಕೊಂಡು ಹುಟ್ಟುತ್ತವೆ, ಅವಕ್ಕೆ ಯಾರ ಮೇಲೆ ಸಿಟ್ಟು ಎಂದು ಕೇಳುತ್ತಿದ್ದ. ಚಕ್ರ ದೊಡ್ಡದು, ಕಿಟಕಿ ಚಿಕ್ಕದು, ಒಳಗೆ ಕೂತವರು ಸಬ್‌ಮರೀನಿನಲ್ಲಿ ಇಣುಕಿದ ಹಾಗೆ ಇಣುಕಬೇಕು. ಬಾಗಿಲ ಹಿಡಿಯನ್ನು ಬಾಗಿಲೊಳಗೇ ಹೂತಿದ್ದಾರೆ, ಉಗುರಲ್ಲಿ ಕೆರೆದು ಎಬ್ಬಿಸಬೇಕು. ಏಸಿ ಕಡಿಮೆ ಮಾಡಲು ತಿರುಗಿಸುವ ಗುಂಡಿ ಇಲ್ಲ, ಟೀವಿ ಮುಟ್ಟಿ ಮೂರು ಪುಟ ದಾಟಬೇಕು. ಅಷ್ಟು ಹೊತ್ತು ರಸ್ತೆ ನೋಡುವವರು ಯಾರು? ಅವನ ಸ್ವಂತ ಕಾರು ಇಪ್ಪತ್ತೆರಡು ವರ್ಷದ ಪೆಟ್ರೋಲ್ ಸೆಡಾನ್. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಅದರ ಮೈಮೇಲೆ ಓಡುವ ಒಂದು ಗೆರೆಯನ್ನು ಬೆರಳಿನಿಂದ ಸವರಿ, "ಇದನ್ನ ಬರೆದೋನು ಕೈ ಎತ್ತದೆ ಬರೆದಿದಾನೆ" ಎಂದು ಹೇಳುವಾಗ ಅವನ ದನಿ ನಿಜವಾಗಿಯೂ ಮೆತ್ತಗಾಗುತ್ತಿತ್ತು.

ಆದರೆ ಅವನಿಗೆ ಬೀದಿಯಲ್ಲಿ ಪ್ರೇಕ್ಷಕರನ್ನು ತಂದುಕೊಟ್ಟದ್ದು ಪ್ಲಾಟ್‌ಫಾರ್ಮ್ ವಿಚಾರ. ಪ್ಲಾಟ್‌ಫಾರ್ಮ್ ಎಂದರೆ ಕಾರಿನ ತಳ, ಚಕ್ರಗಳನ್ನು ಹಿಡಿದ ಕೈಗಳು, ಸ್ಟೇರಿಂಗು, ಬ್ರೇಕು. ಇವನ್ನೆಲ್ಲ ಕಂಪನಿಯವರು ಒಂದು ಸಲ ಮಾಡಿಟ್ಟು, ಮೇಲೆ ಬೇರೆ ಬೇರೆ ಅಂಗಿ ತೊಡಿಸಿ ನಾಲ್ಕು ಹೆಸರಿನಲ್ಲಿ ಮಾರುತ್ತಾರೆ. ಇದನ್ನು ತೋರಿಸಲು ಮಿಲಿಮೀಟರ್ ಮೂರು ಡಬ್ಬಿ ಇಟ್ಟುಕೊಂಡಿದ್ದ. ಒಂದು ಅಗ್ಗದ ಕಾರಿನದು, ಒಂದು ಮಧ್ಯಮದ್ದು, ಇನ್ನೊಂದು ಸೂಟು ಹಾಕಿಕೊಂಡವರು ಕೊಳ್ಳುವ ಕಾರಿನದು. ಡಬ್ಬಿಯ ಬಣ್ಣ ಬೇರೆ, ಮೇಲಿನ ನಂಬರ್ ಬೇರೆ, ಬೆಲೆಯಂತೂ ಕೇಳಲೇಬೇಡಿ. ಮೂರನ್ನೂ ಬಿಚ್ಚಿ, ಒಳಗಿದ್ದ ಕಬ್ಬಿಣದ ಕೊಂಡಿಗಳನ್ನು ಕೌಂಟರಿನ ಮೇಲೆ ಇಸ್ಪೀಟೆಲೆಯಂತೆ ಕಲಸಿ, "ಈಗ ಹೇಳಿ, ದುಬಾರಿದು ಯಾವುದು?" ಎಂದು ಕೈಕಟ್ಟಿ ನಿಲ್ಲುತ್ತಿದ್ದ. ಯಾರಿಗೂ ಹೇಳಲಾಗುತ್ತಿರಲಿಲ್ಲ, ಯಾಕೆಂದರೆ ವ್ಯತ್ಯಾಸವೇ ಇರಲಿಲ್ಲ. ಅವನು ಹೇಳುತ್ತಿದ್ದದ್ದು ಸುಳ್ಳಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ನೂರು ಸಲದಲ್ಲಿ ತೊಂಬತ್ತೊಂಬತ್ತು ಸಲ ಅದು ಸತ್ಯವೇ.

ಎಲೆಕ್ಟ್ರಿಕ್ ಕಾರಿನ ಮಾತು ಬಂದರಂತೂ ಅವನನ್ನು ಹಿಡಿಯುವವರಿರಲಿಲ್ಲ. "ಪೆಟ್ರೋಲ್ ಕಾರಿನ ಹೊಟ್ಟೆ ಬಗೆದು ಬ್ಯಾಟರಿ ತುಂಬಿ, ಹೊಸ ಯುಗ ಅಂತ ಬೋರ್ಡ್ ಹಾಕಿದಾರೆ. ಮುಂದುಗಡೆ ಜಾಲರಿ ಬೇರೆ. ಉಸಿರಾಡದೇ ಇರೋ ಪ್ರಾಣಿಗೆ ಮೂಗು ಯಾಕ್ರೀ?"

ಈ ಮಾತನ್ನು ಅವನಷ್ಟೇ ಚೆನ್ನಾಗಿ ಹೇಳಬಲ್ಲವಳು ಇನ್ನೊಬ್ಬಳಿದ್ದಳು, ಅವನ ತಂಗಿಯ ಮಗಳು. ಹನ್ನೆರಡು ವರ್ಷದ ಈಜುಗಾರ್ತಿ, ಮನೆಯಲ್ಲಿ ಪುಟ್ಟಿ. ಅವಳಿಗೆ ಸೋದರಮಾವನ ಮಾತೆಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ರಸ್ತೆಯಲ್ಲಿ ಎದುರು ಬರುವ ಕಾರಿನ ದೀಪ ನೋಡಿ, ಅದು ಯಾವ ಕಾರಿನ ಅಣ್ಣ, ಯಾವುದರ ತಮ್ಮ, ಯಾವ ತಳದ ಮೇಲೆ ಕೂತಿದೆ ಎಂದು ಗಡಗಡ ಒಪ್ಪಿಸುತ್ತಿದ್ದಳು. ಅವಳ ಅಪ್ಪ ಹಡಗಿನ ಕೆಲಸದವನು, ವರ್ಷದಲ್ಲಿ ಆರು ತಿಂಗಳು ನೀರಿನ ಮೇಲೆ. ಹಾಗಾಗಿ ಆ ಜಾಗದಲ್ಲಿ ಅರ್ಧವನ್ನು ಮಾವನೇ ಆಕ್ರಮಿಸಿಕೊಂಡಿದ್ದ.

ತಂಗಿ ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರ್ ನೋಡುವವಳು. ಕಡಿಮೆ ಮಾತಿನವಳು. ಎಂಟು ತಿಂಗಳ ಹಿಂದೆ ಅವಳು ಅಣ್ಣನನ್ನು ಒಂದು ಮಾತೂ ಕೇಳದೆ ಬಿಳಿ ಎಲೆಕ್ಟ್ರಿಕ್ ಕಾರು ಕೊಂಡುಬಿಟ್ಟಳು. ಅದೂ ಎಂಥದ್ದು? ಅವನು ದಿನಾ ಬೆಳಿಗ್ಗೆ ಜರೆಯುವಂಥದ್ದೇ, ಹೆಸರಾಂತ ಪೆಟ್ರೋಲ್ ಕಾರೊಂದರ ತಳದ ಮೇಲೆ ಬ್ಯಾಟರಿ ಹೊದ್ದು ಕೂತದ್ದು, ಜಾಲರಿ ಸಮೇತ. ಇಡೀ ಊರಿಗೆ ಕಾರಿನ ಬುದ್ಧಿ ಹೇಳುವವನನ್ನು ಸ್ವಂತ ತಂಗಿಯೇ ಕೇಳಲಿಲ್ಲ. ಅದು ಅವನಿಗೆ ಎಷ್ಟು ನಾಟಿತೆಂದರೆ, ಎಂಟು ತಿಂಗಳಲ್ಲಿ ಒಂದು ಸಲವೂ ಆ ಕಾರಿನೊಳಗೆ ಕಾಲಿಡಲಿಲ್ಲ. ಅವಳ ಮನೆಗೆ ಹೋದಾಗ ಅದನ್ನು ಸುತ್ತಿ ಬಳಸಿ ನಡೆದು ಒಳಗೆ ಹೋಗುತ್ತಿದ್ದ. "ಡಬ್ಬ ಹೇಗಿದೆ?" ಎಂದು ಕೇಳುತ್ತಿದ್ದ. "ಚೆನ್ನಾಗಿದೆ" ಎನ್ನುತ್ತಿದ್ದಳು ಅವಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹೀಗಿರುವಾಗ ಆ ಕಾರು ಒಂದು ದಿನ ಗುಂಡಿಯೊಂದಕ್ಕೆ ಬಿದ್ದು ಮುಂದಿನ ಎಡ ಚಕ್ರದ ಲೋವರ್ ಆರ್ಮ್ ಬಾಗಿತು. ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ಕಬ್ಬಿಣದ ಕೈ ಅದು. ಶೋರೂಮಿನವರು ಮೂರು ವಾರ ಆಗುತ್ತದೆ ಎಂದರು. ಪುಟ್ಟಿಯ ಈಜು ಸ್ಪರ್ಧೆ ಒಂಬತ್ತೇ ದಿನದಲ್ಲಿತ್ತು, ಘಟ್ಟದಾಚೆಯ ಊರಿನಲ್ಲಿ. ಸುದ್ದಿ ಕೇಳಿದ್ದೇ ಮಿಲಿಮೀಟರ್‌ನ ಮುಖ ಅರಳಿತು. ತಂಗಿಯ ಕಾರು ಕೆಟ್ಟದ್ದಕ್ಕೆ ಸಂತೋಷಪಟ್ಟ ಎಂದಲ್ಲ. ಕೊನೆಗೂ ಅವನ ವಿದ್ಯೆಗೆ ಕೆಲಸ ಬಂತು ಎಂದು.

"ಮೂರು ವಾರ ಯಾಕೆ? ಆ ಆರ್ಮ್ ನನ್ನ ಹತ್ರ ಅಟ್ಟದ ಮೇಲೆ ಇದೆ" ಎಂದ ಫೋನಿನಲ್ಲಿ. "ಪೆಟ್ರೋಲ್ ಕಾರಿಂದು. ತಳ ಒಂದೇ ಅಂದ್ಮೇಲೆ ಕೈ ಬೇರೆ ಆಗತ್ತಾ?"

ಬಾಗಿದ ಆರ್ಮನ್ನು ಗ್ಯಾರೇಜಿನಿಂದ ತರಿಸಿ, ಹೊಸದರ ಪಕ್ಕದಲ್ಲಿಟ್ಟು ತೂತಿಗೆ ತೂತು ನೋಡಿದ. ಬಾಗಿದ್ದೊಂದನ್ನು ಬಿಟ್ಟರೆ ಬೋಲ್ಟು ಕೂರುವ ಜಾಗ, ಅಂತರ, ತಿರುವು, ಎಲ್ಲ ಅಚ್ಚುಹೊಯ್ದಂತೆ ಒಂದೇ. ಬಿಡಿಭಾಗಗಳ ಪುಸ್ತಕದಲ್ಲಿ ಎರಡಕ್ಕೂ ನಂಬರ್ ಬೇರೆ ಇತ್ತು. ಅದನ್ನು ಅವನು ಕಂಡ, ಕಂಡು ನಕ್ಕ. ನಂಬರ್ ಬೇರೆ ಮಾಡುವುದು ಬೆಲೆ ಬೇರೆ ಮಾಡುವುದಕ್ಕೆ ಎಂದು ಇಪ್ಪತ್ತೊಂಬತ್ತು ವರ್ಷದಿಂದ ಹೇಳುತ್ತ ಬಂದವನು ಅವನೇ ತಾನೆ. ಗುರುವಾರ ಮೆಕ್ಯಾನಿಕ್ ಅದನ್ನು ಕೂರಿಸಿದ. ಅವತ್ತು ಸಂಜೆ ಮಿಲಿಮೀಟರ್ ತಂಗಿಯ ಮನೆಗೆ ಹೋಗಿ ಮೊದಲ ಬಾರಿಗೆ ಆ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ನಿಂತು, ಸೋದರ ಸೊಸೆಗೆ ಅರ್ಧ ಗಂಟೆ ಪಾಠ ಮಾಡಿದ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಮ್ಮ ಮಗಳು ಹೊರಡುವುದೆಂದು ಗೊತ್ತಾಯಿತು. "ಘಟ್ಟದ ಬುಡದಲ್ಲಿ ನಿಂತು ಚಾರ್ಜ್ ಮಾಡ್ಕೊಂಡು ಹತ್ತೋದು, ಮಾವ" ಎಂದಳು ಪುಟ್ಟಿ. "ಹಾಸಿಗೆ ದಿಂಬು ತಗೊಂಡು ಹೋಗಿ" ಎಂದ ಅವನು.

ಶನಿವಾರ ಹತ್ತೂವರೆಗೆ ಗುಜರಿಯವನು ಬಂದ. ವಾರಕ್ಕೊಮ್ಮೆ ಅಂಗಡಿಯ ಹಿಂದಿನ ಓಣಿಯಲ್ಲಿ ಬಿದ್ದ ಹಳೇ ಕಬ್ಬಿಣವನ್ನು ಹೊತ್ತೊಯ್ಯುವವನು. ಓದುಬರಹ ಅಷ್ಟಕ್ಕಷ್ಟೆ, ಆದರೆ ಅವನ ಕೈ ತಕ್ಕಡಿಗಿಂತ ಚುರುಕು. ಮಿಲಿಮೀಟರ್ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಗುಜರಿಯವನು ರಾಶಿಯಿಂದ ಒಂದು ಆರ್ಮ್ ಎತ್ತಿದ, ಇನ್ನೊಂದು ಎತ್ತಿದ, ಎರಡನ್ನೂ ಎರಡು ಕೈಯಲ್ಲಿ ಮೇಲೆ ಕೆಳಗೆ ಆಡಿಸಿದ.

"ಎರಡೂ ಒಂದೇ ಥರ ಇದಾವೆ. ಇದೇನು ಇದೊಂದು ಇಷ್ಟು ಭಾರ?"

"ಯಾವುದು?"

"ಈ ಬಾಗಿರೋದು."

ಬಾಗಿದ್ದು ತಂಗಿಯ ಕಾರಿನದು. ಇನ್ನೊಂದು ಅದೇ ತಳದ ಪೆಟ್ರೋಲ್ ಕಾರಿನ ಸವೆದದ್ದು, ಅವಳಿಗೆ ಕೊಟ್ಟಂಥದ್ದೇ. ಮಿಲಿಮೀಟರ್ ಲೋಟವನ್ನು ಎಲ್ಲಿಟ್ಟನೆಂದು ಅವನಿಗೇ ಗೊತ್ತಾಗಲಿಲ್ಲ. ಎರಡನ್ನೂ ಒಳಗೊಯ್ದು ಪಾರ್ಸಲ್ ತೂಗುವ ಯಂತ್ರದ ಮೇಲೆ ಒಂದೊಂದಾಗಿ ಇಟ್ಟ. ಒಂದು ಮೂರು ಕಿಲೋ ಮುನ್ನೂರು. ಇನ್ನೊಂದು ನಾಲ್ಕು ಕಿಲೋ ಇನ್ನೂರು. ಮಣ್ಣು ಮೆತ್ತಿರಬೇಕೆಂದು ಬ್ರಷ್ ಹಾಕಿ ಉಜ್ಜಿ ಮತ್ತೆ ಇಟ್ಟ. ನಾಲ್ಕು ಕಿಲೋ ಇನ್ನೂರು. ದಪ್ಪ ಅಳೆಯುವ ವರ್ನಿಯರ್ ತೆಗೆದು ಅಂಚು ಹಿಡಿದು ನೋಡಿದ. ಒಂದರ ತಗಡು ಎರಡೂವರೆ ಮಿಲಿಮೀಟರ್, ಇನ್ನೊಂದರದು ಮೂರೂಕಾಲು. ಭಾರದ್ದರ ಮೊಣಕೈಯಲ್ಲಿ ಒಳಗಿನಿಂದ ಇನ್ನೊಂದು ತಗಡು ಸೇರಿಸಿ ಬೆಸುಗೆ ಹಾಕಿದ್ದರು. ಮೇಲಿನಿಂದ ನೋಡಿದರೆ ಅದು ಕಾಣುತ್ತಿರಲಿಲ್ಲ. ತೂತುಗಳ ಲೆಕ್ಕ ಹಿಡಿದವನು ತಗಡನ್ನು ನೋಡಿರಲಿಲ್ಲ.

ಬ್ಯಾಟರಿ ಹೊತ್ತ ಕಾರು ತನ್ನ ಪೆಟ್ರೋಲ್ ಅಕ್ಕನಿಗಿಂತ ಮುನ್ನೂರೈವತ್ತು ಕಿಲೋ ಹೆಚ್ಚು ತೂಗುತ್ತದೆ. ಇದೂ ಅವನಿಗೆ ಗೊತ್ತಿದ್ದದ್ದೇ. "ಕಾರಲ್ಲ, ಗೋದಾಮು" ಎಂದು ಎಷ್ಟು ಸಲ ನಗಾಡಿದ್ದ. ಆ ಗೋದಾಮಿನ ಭಾರವನ್ನು ಹೊರಲಿಕ್ಕೆಂದೇ ಯಾರೋ ಕೂತು ಲೆಕ್ಕ ಹಾಕಿ ಒಂದು ಕೈಯನ್ನು ಗಟ್ಟಿಮಾಡಿದ್ದರು. ಅವನು ಆ ಕೈಯನ್ನು ಕಿತ್ತು ಓಣಿಗೆಸೆದು, ತೆಳ್ಳಗಿನದನ್ನು ಕೊಟ್ಟು, ಅದರ ಮೇಲೆ ತಂಗಿಯನ್ನೂ ಪುಟ್ಟಿಯನ್ನೂ ಕೂರಿಸಿ ಘಟ್ಟಕ್ಕೆ ಕಳಿಸಿದ್ದ.

ಫೋನ್ ಮಾಡಿದ. ರಿಂಗಾಗಿ ಕಟ್ಟಾಯಿತು. ಮರುಕ್ಷಣವೇ ಒಂದು ಮೆಸೇಜ್ ಬಂತು: "ಕಾರು ಓಡಿಸುತ್ತಿದ್ದೇನೆ, ಆಮೇಲೆ ಮಾತಾಡುತ್ತೇನೆ." ಅವಳು ಬರೆದದ್ದಲ್ಲ, ಅವಳ ಪರವಾಗಿ ಕಾರೇ ಕಳಿಸಿದ್ದು. ಮತ್ತೆ ಮಾಡಿದ. ಮತ್ತೆ ಅದೇ ಮೆಸೇಜ್. ಓಡಿಸುವಾಗ ಫೋನೆತ್ತುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಪುಟ್ಟಿಗೆ ಫೋನ್ ಕೊಡಿಸಬಾರದೆಂದು ಹಟ ಹಿಡಿದವನೂ ಅವನೇ. "ಕಾರು ಓಡಿಸ್ಬೇಡ, ನಿಲ್ಸು" ಎಂದು ಬರೆದು ಕಳಿಸಿದ. ಆರನೆಯ ಸಲ ಮೆಸೇಜ್ ಬಂದಾಗ ಫೋನನ್ನು ನೆಲಕ್ಕೆ ಕುಕ್ಕಬೇಕೆನಿಸಿತು.

ಗುಜರಿಯವನು, "ಏನಾಯ್ತು ಅಣ್ಣಾ? ಇದನ್ನ ಹಾಕ್ಲಾ ಬೇಡ್ವಾ?" ಎಂದು ಆ ಭಾರದ ಆರ್ಮ್ ತೋರಿಸಿ ಕೇಳಿದ.

"ಮುಟ್ಬೇಡ ಅದನ್ನ" ಎಂದು ಹೇಳಿ ಮಿಲಿಮೀಟರ್ ಅಂಗಡಿಯ ಬಾಗಿಲು ಅರ್ಧ ಎಳೆದು ಕಾರಿನ ಕಡೆ ಓಡಿದ. ಬೀಗ ಹಾಕುವುದನ್ನೂ ಮರೆತ.

ಘಟ್ಟದ ಬುಡಕ್ಕೆ ನೂರಮೂವತ್ತು ಕಿಲೋಮೀಟರ್. ಅವರು ಹೊರಟು ಎರಡು ಗಂಟೆಯಾಗುತ್ತ ಬಂದಿತ್ತು. ತಂಗಿ ನಿಧಾನವಾಗಿ ಓಡಿಸುವವಳು. ಅಲ್ಲಿ ನಲವತ್ತು ನಿಮಿಷ ಚಾರ್ಜಿಗೆ ನಿಲ್ಲುತ್ತಾರೆ. ಅಷ್ಟರಲ್ಲಿ ಮುಟ್ಟಿದರೆ ಆಯಿತು, ಮುಟ್ಟದಿದ್ದರೆ ಮುಂದೆ ಇಪ್ಪತ್ತೆಂಟು ತಿರುವು. ಲೆಕ್ಕ ಇಷ್ಟೇ, ಆದರೆ ಅವನು ಅದನ್ನು ಸಿಗ್ನಲ್ಲಿಗೊಮ್ಮೆ ಮೊದಲಿನಿಂದ ಹಾಕುತ್ತಿದ್ದ. ಊರು ಬಿಡುವ ಮೊದಲೇ ಪೆಟ್ರೋಲ್ ಮುಳ್ಳು ಕೆಂಪಿಗೆ ಬಿತ್ತು. ಬಂಕಿನಲ್ಲಿ ಎಂಟು ವಾಹನಗಳ ಸಾಲು. ಮುಂದಿದ್ದ ಲಾರಿಯವನು ಇಳಿದು ಚಕ್ರಗಳನ್ನು ಒಂದೊಂದಾಗಿ ಒದ್ದು ನೋಡುತ್ತಿದ್ದ. ಪೆಟ್ರೋಲ್ ಎಂದರೆ ಐದು ನಿಮಿಷ ಎಂದು ಜಗತ್ತಿಗೆಲ್ಲ ಸಾರಿದವನು ಅಲ್ಲಿ ಇಪ್ಪತ್ತೆರಡು ನಿಮಿಷ ತುದಿಗಾಲಲ್ಲಿ ನಿಂತ. ಆ ಹೊತ್ತಿನಲ್ಲೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಟೋಯಿಂಗ್ ಗಾಡಿ ತೆಗೆದುಕೊಂಡು ಘಟ್ಟದ ಬುಡದ ಚಾರ್ಜಿಂಗ್ ಜಾಗಕ್ಕೆ ಬಾ ಎಂದ. ಯಾಕೆ ಎಂದು ಅವನು ಕೇಳಿದಾಗ, "ಬಂದ್ಮೇಲೆ ಹೇಳ್ತೀನಿ" ಎಂದು ಇಟ್ಟುಬಿಟ್ಟ.

ಹೆದ್ದಾರಿಗೆ ಬಿದ್ದ ಮೇಲೆ ಕೈಗಳಿಗೆ ಸ್ಟೇರಿಂಗ್ ಇತ್ತು, ತಲೆಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಹಾಕಿದ ಎರಡನೇ ದಿನಕ್ಕೇ ಮುರಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅದು ನಿಜವೂ ಹೌದು. ವರ್ಷಗಟ್ಟಲೆ ಏನೂ ಆಗದೆಯೂ ಇರಬಹುದು. ಮರುಗಳಿಗೆಯಲ್ಲಿ, ಅದಕ್ಕೆ ವರ್ಷ ಬೇಕಾಗಿಲ್ಲ ಎಂದು ಇನ್ನೊಂದು ದನಿ ಹೇಳಿತು. ಇಳಿಜಾರಿನಲ್ಲಿ ಒಂದು ಗುಂಡಿ, ಅದೇ ಹೊತ್ತಿಗೆ ಜೋರಾಗಿ ಒತ್ತಿದ ಒಂದು ಬ್ರೇಕು, ಬಲಕ್ಕೆ ಒಂದು ತಿರುವು. ಭಾರವೆಲ್ಲ ಎಡಗಡೆ ಚಕ್ರದ ಮೇಲೆ. ಪುಟ್ಟಿ ಕೂರುವುದು ಯಾವಾಗಲೂ ಮುಂದೆ ಎಡಗಡೆ, ಎದುರು ಬರುವ ಕಾರುಗಳ ಮುಖ ಕಾಣಲಿ ಎಂದು. ಅವನು ಕಿಟಕಿ ಇಳಿಸಿದ, ಏರಿಸಿದ, ಮತ್ತೆ ಇಳಿಸಿದ. ರಸ್ತೆಯಂಚಿನಲ್ಲಿ ನಿಂತ ಪ್ರತಿ ಬಿಳಿ ಕಾರನ್ನೂ ಕುತ್ತಿಗೆ ಹೊರಳಿಸಿ ನೋಡಿದ. ಈಗಿನ ಕಾರೆಲ್ಲ ಒಂದೇ ಥರ ಎಂದು ಬೈಯುತ್ತಿದ್ದವನಿಗೆ ಇವತ್ತು ಎಲ್ಲವೂ ತಂಗಿಯ ಕಾರಿನ ಹಾಗೇ ಕಂಡವು.

ಹನ್ನೆರಡು ಐವತ್ತಕ್ಕೆ ಮುಟ್ಟಿದ. ಹೋಟೆಲೊಂದರ ಪಕ್ಕದ ಅಂಗಳದಲ್ಲಿ ನಾಲ್ಕು ಚಾರ್ಜಿಂಗ್ ಕಂಬಗಳಿದ್ದವು. ಕೊನೆಯದರ ಮುಂದೆ ಆ ಬಿಳಿ ಕಾರು, ಅದರ ಕೇಬಲ್ಲನ್ನು ಕಿತ್ತು ಕಂಬಕ್ಕೆ ಸಿಗಿಸುತ್ತಿದ್ದ ತಂಗಿ, ಆಗಲೇ ಒಳಗೆ ಕೂತು ಬೆಲ್ಟ್ ಹಾಕಿಕೊಂಡಿದ್ದ ಪುಟ್ಟಿ. ತನ್ನ ಕಾರನ್ನು ಅವರ ಕಾರಿನ ಮುಂದೆ ಅಡ್ಡ ನಿಲ್ಲಿಸಿ ಇಳಿದ.

"ಅಣ್ಣ? ಏನಿದು, ನೀನಿಲ್ಲಿ? ಫೋನ್ ಕಾರಲ್ಲೇ ಬಿಟ್ಟು ಊಟಕ್ಕೆ ಹೋಗಿದ್ವಿ, ಈಗ ತಾನೆ ನೋಡಿದೆ. ಏಳೆಂಟು ಸಲ ಮಾಡಿದೀಯ, ನಿಲ್ಸು ಅಂತ ಬೇರೆ ಬರ್ದಿದೀಯ. ಮಾಡೋಣ ಅಂತಿದ್ದೆ."

ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಬಂದಿದ್ದ. ನೆಟ್ಟಗಿನ ಎರಡು ವಾಕ್ಯ. ಆದರೆ ಅಷ್ಟರಲ್ಲಿ ಪುಟ್ಟಿ ಬೆಲ್ಟ್ ಬಿಚ್ಚಿ ಇಳಿದು ಬಂದು, ಕಣ್ಣರಳಿಸಿ ಅವನ ಮುಖವನ್ನೇ ನೋಡುತ್ತ ನಿಂತಳು. ಆ ಕಣ್ಣಿನಲ್ಲಿ ಅವನು ಇನ್ನೂ ಎಲ್ಲ ಬಲ್ಲವನು. ಅದನ್ನು ಕೈಯಾರೆ ಕೆಡಿಸಲು ಅವನಿಗೆ ಆಗಲಿಲ್ಲ.

"ಕಂಪನಿಯವರು ಮೇಲ್ ಕಳ್ಸಿದಾರೆ" ಎಂದ. "ಆ ಆರ್ಮ್ ಇದ್ಯಲ್ಲ, ಆ ಬ್ಯಾಚಿಂದೇ ಸರಿ ಇಲ್ವಂತೆ. ಕಬ್ಬಿಣ ಕಳಪೆ. ಎಲ್ಲಾ ವಾಪಸ್ ಕರೀತಿದಾರೆ. ನೋಡಿದ ತಕ್ಷಣ ಓಡಿ ಬಂದೆ. ಇದರಲ್ಲಿ ಘಟ್ಟ ಹತ್ಬೇಡಿ."

ತಂಗಿ ಅವನ ಮುಖವನ್ನು ನೋಡಿದಳು, ಆಸ್ಪತ್ರೆಯಲ್ಲಿ ಮಸೂರ ಬದಲಿಸಿ ಬದಲಿಸಿ ನೋಡುವಂತೆ ನಿಧಾನವಾಗಿ. ಆಮೇಲೆ ಬಗ್ಗಿ ಎಡ ಚಕ್ರದ ಕಡೆ ನೋಡಿದಳು, ಆಮೇಲೆ ಮಗಳ ಕಡೆ.

"ನಾನು ಹೇಳಿರ್ಲಿಲ್ವಾಮ್ಮ" ಎಂದಳು ಪುಟ್ಟಿ. "ಈ ಕಂಪನಿಯೋರೆಲ್ಲ ಹಾಗೇ. ಮಾವ ಇಲ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ."

"ಹೌದು" ಎಂದಳು ತಂಗಿ. "ನಿನ್ ಕಾರಿನ ಕೀ ಕೊಡು. ಐದು ಗಂಟೆ ಒಳಗೆ ಅವಳ ಹೆಸರು ಬರೆಸ್ಬೇಕು."

ಸಾಮಾನುಗಳನ್ನು ಆ ಕಾರಿನಿಂದ ಈ ಕಾರಿಗೆ ಸಾಗಿಸಿದರು. ಸ್ವಿಮ್ಮಿಂಗ್ ಬ್ಯಾಗು, ಟವೆಲ್ಲು, ಬಾಟಲಿ. ಅವನು ಕ್ಲಚ್ಚು ಸ್ವಲ್ಪ ಮೇಲೆ ಹಿಡಿಯುತ್ತದೆ, ಮೂರನೇ ಗೇರು ಗಟ್ಟಿ ಎಂದು ಹೇಳಿದ. ತಂಗಿ ಅದಕ್ಕೆಲ್ಲ ತಲೆಯಾಡಿಸಿದಳು. ತನ್ನ ಕಾರಿಗೆ ಕೀಯಾಗಿದ್ದ ಕಾರ್ಡನ್ನು ಅವನ ಅಂಗೈಯಲ್ಲಿಟ್ಟು, "ಬಿಸಿಲಲ್ಲಿ ನಿಲ್ಬೇಡ, ಒಳಗೆ ಕೂತ್ಕೋ" ಎಂದಷ್ಟೇ ಹೇಳಿ ಹೊರಟಳು. ಪುಟ್ಟಿ ಕಿಟಕಿಯಿಂದ ಅರ್ಧ ಹೊರಬಂದು ಕೈಬೀಸಿದಳು. ತಂಗಿ ಬೀಸಲಿಲ್ಲ.

ಬಿಸಿಲು ಜೋರಿತ್ತು. ಸ್ವಲ್ಪ ಹೊತ್ತು ಹಟ ಹಿಡಿದು ಹೊರಗೇ ನಿಂತ, ಆಮೇಲೆ ಒಳಗೆ ಹೋಗಿ ಕೂತ. ಎಂಟು ತಿಂಗಳಲ್ಲಿ ಮೊದಲ ಸಲ. ಸೀಟು ಬೆನ್ನಿಗೆ ಸರಿಯಾಗಿ ಕೂತಿತು. ಏಸಿ ಹಾಕಿದ, ಒಂದೇ ಸಲ ಮುಟ್ಟಿದರೆ ಸಾಕಾಯಿತು. ಮುಂದಿನ ಪರದೆಯ ಮೂಲೆಯಲ್ಲಿ ಪುಟ್ಟಿ ಈಜುವ ಮೀನಿನ ಸ್ಟಿಕ್ಕರ್ ಅಂಟಿಸಿದ್ದಳು. ಮೂಗು ಮುರಿಯಲು ಏನಾದರೂ ಸಿಗುತ್ತದೆಯೇ ಎಂದು ಅಭ್ಯಾಸಬಲದಿಂದ ಕಣ್ಣಾಡಿಸಿದ. ಸಿಕ್ಕಿತು, ಎರಡು ಮೂರು ಸಿಕ್ಕವು, ಆದರೆ ಮನಸ್ಸು ಬರಲಿಲ್ಲ. ಒಳಗೆ ಎಷ್ಟು ನಿಶ್ಶಬ್ದವೆಂದರೆ ತಾನು ಹೇಳಿದ ಸುಳ್ಳು ಮತ್ತೆ ಮತ್ತೆ ಕೇಳಿಸುತ್ತಿತ್ತು. ಇಳಿದ. ಅಂಗಳದ ಆ ತುದಿಯಿಂದ ಈ ತುದಿಗೆ ನಡೆದ. ಮತ್ತೆ ಬಂದು ಕೂತ. ಹೋಟೆಲಿನವನು ಏನಾದರೂ ಬೇಕೇ ಎಂದು ಎರಡು ಸಲ ಕೇಳಿ, ಮೂರನೇ ಸಲ ಅವನ ತಂಟೆಗೆ ಬರಲಿಲ್ಲ.

ಎರಡೂವರೆಗೆ ಟೋಯಿಂಗ್ ಗಾಡಿ ಬಂತು. ಮೆಕ್ಯಾನಿಕ್ ಇಳಿದವನೇ ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಎದ್ದು ಕೈ ಒರೆಸಿಕೊಂಡ. ಬಾಯಿ ಭದ್ರವಿರುವ ಆಳು, ಸುಮ್ಮನೆ ಯಾರ ಮೇಲೂ ತಪ್ಪು ಹೊರಿಸುವವನಲ್ಲ.

"ಇನ್ನೂ ಏನೂ ಆಗಿಲ್ಲ ಅಣ್ಣಾ. ನೆಟ್ಟಗೇ ಇದೆ."

"ಅದು ಇದಕ್ಕೆ ಆಗೋದಲ್ಲ" ಎಂದ ಮಿಲಿಮೀಟರ್.

"ಹೂಂ." ಅವನು ಸ್ವಲ್ಪ ತಡೆದ. "ಅವತ್ತು ಹಾಕುವಾಗ್ಲೇ ಕೈಗೆ ಹಗುರ ಅನ್ನಿಸ್ತು. ಮೇಡಮ್ ಅಲ್ಲೇ ನಿಂತಿದ್ರು. ಹಳೇದು ಇಷ್ಟು ಹಗುರ ಇರ್ಲಿಲ್ಲ, ನಿಮ್ಮಣ್ಣಂಗೆ ಒಂದ್ಸಲ ಫೋನ್ ಮಾಡಿ ಕೇಳ್ಲಾ ಅಂದೆ. ಬೇಡ ಅಂದ್ರು."

"ಯಾಕೆ?"

"ನಮ್ಮಣ್ಣ ನೋಡ್ದೇ ಕೊಡಲ್ಲ, ಹಾಕಿ ಅಂದ್ರು."

ಕಾರು ಕೊಳ್ಳುವಾಗ ತನ್ನನ್ನು ಕೇಳಲಿಲ್ಲವೆಂದು ಮಿಲಿಮೀಟರ್ ಎಂಟು ತಿಂಗಳು ಮುಖ ಊದಿಸಿಕೊಂಡಿದ್ದನಲ್ಲ, ಆ ತಂಗಿ, ಮೆಕ್ಯಾನಿಕ್ ಅನುಮಾನಪಟ್ಟರೂ ತಾನು ಪಡದೆ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಮಾತಿನ ಮೇಲೆ ನೂರಮೂವತ್ತು ಕಿಲೋಮೀಟರ್ ಓಡಿಸಿಕೊಂಡು ಬಂದಿದ್ದಳು. ನಾಚಿಕೆ ಎಂದರೆ ಏನೆಂದು ಐವತ್ತನೇ ವಯಸ್ಸಿನಲ್ಲಿ ಅವನಿಗೆ ಸರಿಯಾಗಿ ಗೊತ್ತಾಯಿತು. ಗಾಡಿಯವನು ಸರಪಳಿ ಬಿಗಿಯುತ್ತಿರುವಾಗ ಸ್ವಲ್ಪ ದೂರ ಹೋಗಿ ತಂಗಿಗೆ ಫೋನ್ ಮಾಡಿದ. ಅವನ ಹಳೇ ಕಾರಿಗೆ ಫೋನ್ ಸಿಗಿಸುವ ಸೌಕರ್ಯ ಇಲ್ಲ, ಹಾಗಾಗಿ ಈ ಸಲ ಮೆಸೇಜ್ ಬರಲಿಲ್ಲ.

"ಹಲೋ ಮಾವ" ಎಂದಳು ಪುಟ್ಟಿ. ಹಿಂದೆ ಅವನ ಕಾರಿನ ಇಂಜಿನ್ ಮೂರನೇ ಗೇರಿನಲ್ಲಿ ಗೊಣಗುತ್ತಿತ್ತು. "ಅಮ್ಮ ಓಡಿಸ್ತಿದಾಳೆ. ಸ್ಟೇರಿಂಗ್ ತಿರುಗ್ಸೋಕೆ ಜಿಮ್ಮಿಗೆ ಹೋಗ್ಬೇಕು ಅಂತಿದಾಳೆ."

"ಅಮ್ಮಂಗೆ ಕೊಡು."

"ಓಡಿಸುವಾಗ ಮಾತಾಡಲ್ಲ ಅವಳು. ನನಗೆ ಹೇಳು, ನಾನು ಹೇಳ್ತೀನಿ."

ಆಮೇಲೆ ಮಾಡುತ್ತೇನೆ ಎನ್ನಬಹುದಿತ್ತು. ಎನ್ನಲೆಂದು ಬಾಯಿಯನ್ನೂ ತೆರೆದ. ಆಮೇಲೆ ಎಂದರೆ ಎಂದಿಗೂ ಇಲ್ಲ ಎಂದು ತನ್ನ ಬಗ್ಗೆ ಅವನಿಗೆ ಗೊತ್ತಿತ್ತು.

"ಹೇಳು ಅವಳಿಗೆ. ಕಂಪನಿಯವರು ಏನೂ ಮೇಲ್ ಕಳ್ಸಿಲ್ಲ. ಬ್ಯಾಚ್ ಸರಿ ಇಲ್ಲ ಅಂದಿದ್ದೂ ಸುಳ್ಳು. ಅದು ಪೆಟ್ರೋಲ್ ಕಾರಿನ ಆರ್ಮು, ನಿಮ್ಮ ಕಾರಿನ ಭಾರಕ್ಕೆ ಸಾಲಲ್ಲ. ತಪ್ಪು ಮಾವಂದು ಅಂತ ಹೇಳು."

ಪುಟ್ಟಿ ಫೋನನ್ನು ಬಾಯಿಂದ ದೂರ ಹಿಡಿದು ಅಮ್ಮನಿಗೆ ಹೇಳುವುದು ಕೇಳಿಸಿತು, ಒಂದು ಮಾತೂ ಬಿಡದೆ, ಪಾಠ ಒಪ್ಪಿಸುವ ಹಾಗೆ. ತಂಗಿ ಏನೋ ಹೇಳಿದಳು, ಗೇರು ಬದಲಾಯಿತು, ಇನ್ನೂ ಏನೋ ಹೇಳಿದಳು.

"ಅಮ್ಮಂಗೆ ಗೊತ್ತಂತೆ" ಎಂದಳು ಪುಟ್ಟಿ. "ಅಲ್ಲೇ ಗೊತ್ತಾಯ್ತಂತೆ. ಅವಳು ಈಗ ಮಾತಾಡೋ ಹಾಗಿಲ್ವಂತೆ, ತುಂಬಾ ಸಿಟ್ಟು ಬಂದಿದ್ಯಂತೆ. ನಾಳೆ ರೇಸ್ ಮುಗಿದ್ಮೇಲೆ ಮಾಡ್ತಾಳಂತೆ."

"ಸರಿ."

"ಮಾವ."

"ಹೇಳು."

"ನಿಂಗೆ ಗೊತ್ತಿರ್ಲಿಲ್ವಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಲಭವಾಗುತ್ತಿತ್ತು. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು, ಎದುರಿಗೆ ಬರುವ ಕಾರು ಯಾವುದೆಂದು ಕೇಳುವ ಹಾಗೆ.

"ನಂಬರ್ ಬೇರೆ ಇದೆ ಅಂತ ಗೊತ್ತಿತ್ತು ಪುಟ್ಟಿ" ಎಂದ ಮಿಲಿಮೀಟರ್. "ಯಾಕೆ ಬೇರೆ ಅಂತ ಗೊತ್ತಿರ್ಲಿಲ್ಲ. ಕೇಳ್ಲೂ ಇಲ್ಲ."

ಪುಟ್ಟಿ ಹೂಂ ಎಂದಳು. ಇನ್ನೇನಾದರೂ ಕೇಳುತ್ತಾಳೆಂದು ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದ. ಅವಳು ಏನೂ ಕೇಳದೆ, ತಿರುವು ಬಂತು ಇಡ್ತೀನಿ ಎಂದು ಇಟ್ಟಳು.